ಮನೆಯಲ್ಲೇ ವಿದ್ಯುತ್ ಗಿಟಾರ್: ಪ್ರತಿಕೃತಿಯ ಅಳತೆ, ಮರ ಮತ್ತು ಬಣ್ಣ

ಹೆಸರಾಂತ ಗಿಟಾರ್ ಮಾದರಿಯೊಂದರ ಆಕಾರ, ಅಳತೆ ಹಾಗೂ ಬಣ್ಣವನ್ನು ಅನುಸರಿಸಿ ಸ್ವಂತ ಬಳಕೆಗಾಗಿ ನಿರ್ಮಿಸಿಕೊಳ್ಳುವ ವಾದ್ಯವನ್ನು ಪ್ರತಿಕೃತಿ ಗಿಟಾರ್ ಎನ್ನಲಾಗುತ್ತದೆ. ಬಿಡಿಭಾಗಗಳೆಲ್ಲ ಅಂಚೆಯಲ್ಲಿ ಮನೆಗೆ ಬರುವ ಈ ಕಾಲದಲ್ಲಿ ಇಂಥ ವಾದ್ಯವನ್ನು ತಯಾರಿಸಲು ಮಹಾನಗರದಲ್ಲೇ ಇರಬೇಕೆಂದಿಲ್ಲ. ಬಿ.ದುರ್ಗದಂಥ ಊರಿನ ಮನೆಯ ಹಿತ್ತಲೂ ಸಾಕು. ನುರಿತ ಬಡಗಿಯೊಬ್ಬರು, ಹೆದ್ದಾರಿ ಬದಿಯ ವಾಹನ ಬಣ್ಣದ ಗ್ಯಾರೇಜೊಂದು ಹತ್ತಿರದಲ್ಲಿದ್ದರೆ ಅರ್ಧ ಕೆಲಸ ಹಗುರಾಗುತ್ತದೆ.

ಮೊದಲ ಪ್ರಯತ್ನಕ್ಕೆ ಅಮೆರಿಕದ ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಮಾದರಿಯೇ ಸೂಕ್ತ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಇದನ್ನು ರೂಪಿಸಿದ ಲಿಯೋ ಫೆಂಡರ್ ರೇಡಿಯೋ ದುರಸ್ತಿ ಮಾಡುತ್ತಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬಹುಶಃ ಅದೇ ಕಾರಣಕ್ಕೆ ಅವರು ವಾದ್ಯವನ್ನು ಒಂದು ಯಂತ್ರದಂತೆ ಬಿಡಿಸಿ ನೋಡಿದರು. ಸುಮಾರು 45 ಮಿ.ಮೀ. ದಪ್ಪದ ಸಪಾಟಾದ ಹಲಗೆಯ ಒಡಲು, ಅದಕ್ಕೆ ನಾಲ್ಕು ತಿರುಪುಗಳಿಂದ ಬಿಗಿದ ಕತ್ತು, ಇಷ್ಟೇ ಅದರ ರಚನೆ. ವೀಣೆಯ ಕೊಡದಂತೆ ಒಳಗೆ ಟೊಳ್ಳು ತೋಡುವ ಕಷ್ಟ ಇಲ್ಲಿಲ್ಲ. 1954ರಲ್ಲಿ ಬಂದ ಸ್ಟ್ರಾಟೋಕಾಸ್ಟರ್ ಹೆಚ್ಚು ಜನಪ್ರಿಯವಾದರೂ ಅದರ ಬಾಗಿದ ಅಂಚುಗಳೂ ಸ್ಪ್ರಿಂಗ್ ಅಳವಡಿಕೆಯೂ ಹೊಸಬರನ್ನು ದಣಿಸುತ್ತವೆ.

ಮನೆಯಲ್ಲಿ ತಯಾರಾದ ಗಿಟಾರ್‌ಗಳಲ್ಲಿ ಜಗತ್ಪ್ರಸಿದ್ಧವಾದುದು ಕ್ವೀನ್ ತಂಡದ ಬ್ರಯಾನ್ ಮೇ ಅವರ 'ರೆಡ್ ಸ್ಪೆಷಲ್'. 1963ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ಅವರು ತಂದೆ ಹೆರಾಲ್ಡ್ ಜೊತೆಗೂಡಿ ಅದನ್ನು ಆರಂಭಿಸಿದರು. ಕತ್ತಿಗೆ ಹಳೆಯ ಬೆಂಕಿಗೂಡಿನ ಮಹಾಗನಿ ಚೌಕಟ್ಟು, ಸ್ಪ್ರಿಂಗ್‌ಗಳಿಗೆ ಹಳೆಯ ಮೋಟಾರ್ ಸೈಕಲ್, ಮೆಟ್ಟಿಲುಗಳ ಗುರುತಿಗೆ ತಾಯಿಯ ಹೊಲಿಗೆ ಪೆಟ್ಟಿಗೆಯ ಮುತ್ತಿನ ಗುಂಡಿಗಳು ಒದಗಿದವು. ಇಂದು ಆ ಗಿಟಾರ್‌ನ ಪ್ರತಿಕೃತಿಗಳನ್ನೇ ಅಭಿಮಾನಿಗಳು ತಯಾರಿಸುತ್ತಾರೆ.

ಅಳತೆಯೇ ಪ್ರಧಾನ

ನೋಡಲು ಥೇಟ್ ಮೂಲದಂತಿದ್ದೂ ಅಪಸ್ವರ ಹೊರಡಿಸುವ ಪ್ರತಿಕೃತಿಗಳು ಬಹಳ. ಕಾರಣ ಬಣ್ಣವಲ್ಲ, ಮರವೂ ಅಲ್ಲ, ಅಳತೆ. ತಂತಿಯ ಕಂಪಿಸುವ ಉದ್ದ ಫೆಂಡರ್ ಮಾದರಿಗಳಲ್ಲಿ 648 ಮಿ.ಮೀ. ಮೊದಲ ಮೆಟ್ಟಿಲನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲು ಈ ಉದ್ದವನ್ನು 17.817ರಿಂದ ಭಾಗಿಸಬೇಕು, 36.37 ಮಿ.ಮೀ. ಬರುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದರ ಅಂತರ ಸಿಗುತ್ತದೆ. ಹೀಗೆ ಮುಂದುವರಿದಾಗ 12ನೇ ಮೆಟ್ಟಿಲು ಸರಿಯಾಗಿ ನಡುಮಧ್ಯದಲ್ಲಿ, ಅಂದರೆ 324 ಮಿ.ಮೀ.ಗೆ ಬರಬೇಕು. ಲೆಕ್ಕ ಹೀಗಾದರೂ ಗುರುತು ಹಾಕುವಾಗ ಪ್ರತಿಯೊಂದನ್ನೂ ತಂತಿ ಹಾಯುವ ಮೇಲ್ತುದಿಯ ಪಟ್ಟಿಯಿಂದಲೇ ಅಳೆಯಬೇಕು. ಒಂದರಿಂದ ಮತ್ತೊಂದಕ್ಕೆ ಅಳೆಯುತ್ತ ಹೋದರೆ ಕೂದಲೆಳೆಯ ತಪ್ಪುಗಳು ಕೂಡುತ್ತ ಕೊನೆಗೆ ಕಿವಿಗೆ ರಾಚುತ್ತವೆ.

ವೀಣೆಯೊಡನೆ ಹೋಲಿಸಿದರೆ ಈ ಎಚ್ಚರಿಕೆಯ ಅರ್ಥ ತಿಳಿಯುತ್ತದೆ. ಸರಸ್ವತಿ ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ. ಸ್ವರ ಜಾರಿದರೆ ಕುಶಲಕರ್ಮಿ ಮೇಣ ಬಿಸಿಮಾಡಿ, ಕಿವಿಗೊಟ್ಟು, ಅವನ್ನು ಮರಳಿ ಕೂರಿಸಬಲ್ಲ. ಗಿಟಾರ್‌ನ ಮೆಟ್ಟಿಲುಗಳನ್ನು ಮರದ ಸೀಳಿಗೆ ಬಡಿದು ಕೂರಿಸುವುದರಿಂದ ಆ ಕ್ಷಮೆ ಇಲ್ಲಿಲ್ಲ. ಆದ್ದರಿಂದ ಮೊದಲ ಬಾರಿ ಸಿದ್ಧ ಕತ್ತನ್ನೇ ಖರೀದಿಸಿ, ಒಡಲನ್ನು ಮಾತ್ರ ಮನೆಯಲ್ಲಿ ಮಾಡುವುದು ವಿವೇಕ. ಆರು ತಂತಿಗಳ ಒಟ್ಟು ಎಳೆತ ಸುಮಾರು 45 ಕಿಲೋ. ಅದನ್ನು ತಡೆಯುವ ಉಕ್ಕಿನ ಸರಳೂ ಆ ಕತ್ತಿನೊಳಗೇ ಇರುತ್ತದೆ.

ಸಿದ್ಧ ಕತ್ತು ತಂದರೂ ಒಂದು ಅಳತೆ ತಯಾರಕರ ಕೈಯಲ್ಲೇ ಉಳಿಯುತ್ತದೆ. ತಂತಿಗಳು ಕೊನೆಗೊಳ್ಳುವ ಸೇತುವೆ, ಅಂದರೆ ಬ್ರಿಡ್ಜ್, ಮೇಲ್ತುದಿಯ ಪಟ್ಟಿಯಿಂದ 648 ಮಿ.ಮೀ. ದೂರಕ್ಕೆ ಬರಬೇಕು. ದಪ್ಪ ತಂತಿಗಳಿಗೆ ಎರಡು ಮೂರು ಮಿ.ಮೀ. ಹೆಚ್ಚು ಬೇಕಾಗುತ್ತದೆ, ಅದನ್ನು ಬ್ರಿಡ್ಜ್‌ನ ತಿರುಪುಗಳಲ್ಲಿ ಸರಿದೂಗಿಸಬಹುದು. ಆದರೆ ಬ್ರಿಡ್ಜನ್ನೇ ಒಂದು ಸೆಂ.ಮೀ. ಆಚೀಚೆ ಕೂರಿಸಿದರೆ ಯಾವ ತಿರುಪೂ ಕಾಪಾಡದು. ಕತ್ತನ್ನು ಗೂಡಿನಲ್ಲಿ ಕೂರಿಸಿ ನೋಡಿದ ನಂತರವೇ ಬ್ರಿಡ್ಜ್‌ನ ರಂಧ್ರಗಳನ್ನು ಕೊರೆಯಬೇಕು.

ಮರ ಯಾವುದು?

ಗಿಟಾರ್‌ಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಮಲೆನಾಡು, ಕೊಡಗಿನ ಕಾಡುಗಳಲ್ಲಿ ಬೆಳೆಯುವ ಬೀಟೆ ಮರ ಜಗತ್ತಿನ ಗಿಟಾರ್‌ಗಳ ಬೆರಳುಹಲಗೆಗೆ ಬೇಕಾದ ಮರ. ಬ್ರೆಜಿಲ್ ದೇಶದ ಬೀಟೆ ದುರ್ಲಭವಾದಾಗ, 1960ರ ದಶಕದಲ್ಲಿ, ಅಮೆರಿಕದ ಕಂಪನಿಗಳು ಭಾರತದ ಬೀಟೆಯತ್ತ ಹೊರಳಿದವು. ವಿನಾಶದ ಅಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ 2017ರ ಜನವರಿಯಿಂದ ಬೀಟೆಯ ಅಂತರರಾಷ್ಟ್ರೀಯ ವಹಿವಾಟಿಗೆ ಪರವಾನಗಿ ಕಡ್ಡಾಯವಾಯಿತು. ಸಿದ್ಧಗೊಂಡ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ದೊರೆಯಿತು. ರಾಜ್ಯದಲ್ಲಿ ಅನುಮತಿಯಿಲ್ಲದೆ ಬೀಟೆ ಮರ ಕಡಿಯುವಂತಿಲ್ಲ. ಆದ್ದರಿಂದ ತುಂಡು ಬೀಟೆಯಾದರೂ ರಸೀದಿ ಸಹಿತ ಕೊಳ್ಳಬೇಕು. ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಗಿಟಾರ್‌ಗಿಂತ ಮೊದಲು ಮೊಕದ್ದಮೆ ಸಿದ್ಧವಾದೀತು.

ಒಡಲಿಗೆ ಮೂಲ ಮಾದರಿಗಳಲ್ಲಿ ಆಶ್ ಅಥವಾ ಆಲ್ಡರ್ ಮರ ಬಳಕೆಯಾಗಿದೆ. ಇವೆರಡೂ ಇಲ್ಲಿಯವಲ್ಲ. ಹಲಸು, ತೇಗ, ಮಹಾಗನಿ ಇಲ್ಲಿ ಸಿಗುತ್ತವೆ. ಹಗುರ ಬೇಕೆನ್ನುವವರು ಹೆಬ್ಬೇವನ್ನು ಪ್ರಯೋಗಿಸಬಹುದು. ವಿದ್ಯುತ್ ಗಿಟಾರ್‌ನ ನಾದಕ್ಕೆ ಮರ ಎಷ್ಟು ಕಾರಣ ಎಂಬ ಬಗ್ಗೆ ವಾದವಿವಾದಗಳು ಮುಗಿದಿಲ್ಲ. ಆದರೆ ಮರ ಒಣಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹಸಿ ಹಲಗೆ ಕ್ರಮೇಣ ತಿರುಚಿಕೊಂಡು ಬಣ್ಣವನ್ನೂ ಸೀಳುತ್ತದೆ. ಹಳೆಯ ಮನೆ ಕೆಡವಿದಾಗ ದೊರೆಯುವ ತೊಲೆಗಳು ದಶಕಗಳಿಂದ ಒಣಗಿರುವುದರಿಂದ ಉತ್ತಮ ಆಯ್ಕೆ, ಒಳಗೆ ಮುರಿದ ಮೊಳೆಗಳಿಲ್ಲವೆಂದು ಖಚಿತಪಡಿಸಿಕೊಂಡರೆ. ಒಡಲಿನ ಅಗಲ ಸುಮಾರು 325 ಮಿ.ಮೀ. ಇರುವುದರಿಂದ ಎರಡು ಹಲಗೆಗಳನ್ನು ಅಂಟಿಸಿ ಕ್ಲಾಂಪ್ ಬಿಗಿದಿಡುವುದು ವಾಡಿಕೆ.

ಡುಕೊ ಕಥೆ

ಬಣ್ಣದ ವಿಷಯದಲ್ಲಿ ಚಿತ್ರದುರ್ಗ ಜಿಲ್ಲೆಗೆ ಎರಡು ಅನುಕೂಲಗಳಿವೆ. ಚಿತ್ರದುರ್ಗ, ಹಿರಿಯೂರುಗಳ ಮೂಲಕ ಬೆಂಗಳೂರು–ಪುಣೆ ಹೆದ್ದಾರಿ ಹಾದುಹೋಗುತ್ತದೆ. ಅದರ ಬದಿಯ ಗ್ಯಾರೇಜುಗಳಲ್ಲಿ 'ಡುಕೊ ಪೇಂಟಿಂಗ್' ಎಂಬ ಮಾತು ಸಾಮಾನ್ಯ. ಡುಕೊ ಎಂಬುದು ಅಮೆರಿಕದ ಡುಪಾಂಟ್ ಕಂಪನಿ 1920ರ ದಶಕದಲ್ಲಿ ಕಾರುಗಳಿಗಾಗಿ ತಂದ ನೈಟ್ರೋಸೆಲ್ಯುಲೋಸ್ ಬಣ್ಣದ ಹೆಸರು. ಫೆಂಡರ್ ಕಂಪನಿ ತನ್ನ ಗಿಟಾರ್‌ಗಳಿಗೆ ಬಳಸಿದ್ದೂ ಡುಪಾಂಟ್‌ನ ಕಾರು ಬಣ್ಣಗಳನ್ನೇ. ಹೀಗಾಗಿ ಲಾರಿ, ಕಾರುಗಳಿಗೆ ಗನ್ ಹಿಡಿಯುವ ಪೇಂಟರ್, ಗಿಟಾರ್ ಬಣ್ಣಕ್ಕೂ ಪರಕೀಯರೇನಲ್ಲ.

ಇನ್ನೊಂದು ಅನುಕೂಲ ಒಣ ಹವೆ. ಲ್ಯಾಕರ್‌ನಲ್ಲಿನ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅದು ಅಲ್ಲೇ ಹನಿಗೂಡಿ ಬಣ್ಣ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಕಾಟ ಹೆಚ್ಚು, ಬಯಲುಸೀಮೆಯಲ್ಲಿ ಕಡಿಮೆ. ಆದರೆ ಗಾಳಿಯಂತ್ರಗಳನ್ನೇ ತಿರುಗಿಸುವ ಇಲ್ಲಿನ ಗಾಳಿ ಧೂಳನ್ನೂ ತರುತ್ತದೆ. ಬಿಸಿಲೇರಿದ ಮೇಲೆ, ಗಾಳಿ ಏಳುವ ಮುನ್ನ ಸಿಗುವ ಬೆಳಗಿನ ಹೊತ್ತೇ ಪ್ರಶಸ್ತ.

ಮರದ ರಂಧ್ರಗಳನ್ನು ಫಿಲ್ಲರ್‌ನಿಂದ ಮುಚ್ಚಿ, ಪ್ರೈಮರ್ ಹೊಡೆದು, ನಂತರ ಬಣ್ಣ, ಕೊನೆಗೆ ಪಾರದರ್ಶಕ ಲ್ಯಾಕರ್. ಒಂದೇ ದಪ್ಪ ಲೇಪಕ್ಕಿಂತ ಹಲವು ತೆಳು ಲೇಪಗಳು ಮೇಲು. ಕೆಲವು ವಾರ ಒಣಗಲು ಬಿಟ್ಟು 800ರಿಂದ 2000 ನಂಬರಿನವರೆಗಿನ ವಾಟರ್ ಪೇಪರ್‌ನಿಂದ ತಿಕ್ಕಿ, ಕಾಂಪೌಂಡ್ ಹಚ್ಚಿ ಹೊಳಪು ತರಬೇಕು. ಬಹುತೇಕರು ಸೋಲುವುದು ಈ ಕಾಯುವಿಕೆಯಲ್ಲಿ. ಕತ್ತು ಕೂರುವ ಗೂಡಿಗೆ ಬಣ್ಣ ಸೇರದಂತೆ ಟೇಪ್ ಅಂಟಿಸಬೇಕು. ಇಲ್ಲದಿದ್ದರೆ ಕತ್ತು ಮೇಲೆದ್ದು ಕೂರುತ್ತದೆ. ಥಿನ್ನರ್ ಬೇಗ ಬೆಂಕಿ ಹಿಡಿಯುವ ವಸ್ತು. ಗಟ್ಟಿಗೊಳಿಸುವ ದ್ರಾವಣ ಬೆರೆಸುವ ಪಾಲಿಯುರೆಥೇನ್ ಬಣ್ಣಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಐಸೋಸೈನೇಟ್ ಇರುವುದರಿಂದ ಬಟ್ಟೆಯ ಮುಖಗವಸು ಸಾಲದು. ಅಂಥದನ್ನು ಗ್ಯಾರೇಜಿಗೇ ಒಪ್ಪಿಸುವುದು ಲೇಸು.

ತಂತಿ, ಅರ್ತಿಂಗ್, ಹೆಸರು

ಒಳಗಿನ ವಿದ್ಯುತ್ ಜೋಡಣೆ ಸರಳ. ಅಯಸ್ಕಾಂತದ ಸುತ್ತ ಏಳೆಂಟು ಸಾವಿರ ಸುತ್ತು ತೆಳು ತಾಮ್ರದ ತಂತಿ ಸುತ್ತಿದ ಪಿಕಪ್, 250 ಕಿಲೋ ಓಮ್‌ನ ಎರಡು ನಿಯಂತ್ರಕ, ಒಂದು ಕೆಪಾಸಿಟರ್. ಗಿಟಾರ್‌ಗೆ ಸ್ವಂತ ವಿದ್ಯುತ್ ಬೇಕಿಲ್ಲ. ಆದರೆ ಅದರ ಲೋಹದ ತಂತಿಗಳು ಬ್ರಿಡ್ಜ್ ಮೂಲಕ ಆಂಪ್ಲಿಫೈಯರ್‌ನ ಅರ್ತ್‌ಗೆ ಸೇರಿರುತ್ತವೆ. ಮನೆಯ ಅರ್ತಿಂಗ್ ಕೆಟ್ಟಿದ್ದರೆ, ಅಥವಾ ಎರಡು ಪಿನ್ನಿನ ಪ್ಲಗ್ಗಿಗೆ ಆಂಪ್ಲಿಫೈಯರ್ ಸಿಕ್ಕಿಸಿದ್ದರೆ, ದೋಷ ಉಂಟಾದಾಗ ವಿದ್ಯುತ್ ನೇರ ಬೆರಳಿಗೇ ಬಂದೀತು. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸೀಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವಿ, ಅರ್ತ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಮೃತಪಟ್ಟರು. ಗಿಟಾರ್ ಸಿದ್ಧವಾಗುವ ಮೊದಲೇ ಎಲೆಕ್ಟ್ರೀಷಿಯನ್ ಕರೆಸಿ ಅರ್ತಿಂಗ್ ಪರೀಕ್ಷಿಸುವುದು ಅಗತ್ಯ.

ತಲೆಭಾಗದ ಮೇಲೆ ಕಂಪನಿಯ ಲಾಂಛನ ಅಂಟಿಸುವ ಆಸೆ ಹಲವರಿಗೆ. ಒಡಲಿನ ಆಕಾರಗಳನ್ನು ತನ್ನ ವ್ಯಾಪಾರ ಮುದ್ರೆಯಾಗಿ ನೋಂದಾಯಿಸಲು ಫೆಂಡರ್ ಸಲ್ಲಿಸಿದ್ದ ಅರ್ಜಿಯನ್ನು ಅಮೆರಿಕದ ಪ್ರಾಧಿಕಾರ 2009ರಲ್ಲಿ ನಿರಾಕರಿಸಿತಾದರೂ, ಹೆಸರು ಮತ್ತು ತಲೆಭಾಗದ ಆಕಾರ ಕಂಪನಿಯ ಸ್ವತ್ತೇ. ಲಾಂಛನ ಹೊತ್ತು ಮಾರಾಟಕ್ಕೆ ನಿಂತ ಕ್ಷಣ ಪ್ರತಿಕೃತಿ ನಕಲಿಯಾಗುತ್ತದೆ. ಫೆಂಡರ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಕೆಲಸಗಾರರು ಕತ್ತಿನ ಬುಡದಲ್ಲಿ ಪೆನ್ಸಿಲ್‌ನಿಂದ ದಿನಾಂಕ ಬರೆಯುತ್ತಿದ್ದರು. ಮನೆಯಲ್ಲಿ ತಯಾರಿಸಿದವರೂ ಅಲ್ಲೇ ತಮ್ಮ ಹೆಸರು, ಊರು, ವರ್ಷ ಬರೆದು ತಿರುಪು ಬಿಗಿಯಬಹುದು. ಮುಂದೆಂದಾದರೂ ಆ ಗಿಟಾರ್ ಕೈಬದಲಾದರೆ, ನಾಲ್ಕು ತಿರುಪು ಬಿಚ್ಚಿದವರಿಗೆ ಅದು ಎಲ್ಲಿಯದೆಂದು ತಿಳಿಯುತ್ತದೆ.