ಅಗಸೆ: ಬಣ್ಣದ ಡಬ್ಬಿಯಿಂದ ರೊಟ್ಟಿಯ ತಟ್ಟೆಗೆ

ಪೇಟೆಯಲ್ಲಿ ‘ಫ್ಲಾಕ್ಸ್ ಸೀಡ್’ ಎಂದು ಪೊಟ್ಟಣ ಕಟ್ಟಿ ಮಾರುವ ಕಂದು ಬೀಜವನ್ನು ಹೊಸ ಆಹಾರವೆಂದೇ ತಿಳಿದು ಕೊಳ್ಳುವವರುಂಟು. ಉತ್ತರ ಕರ್ನಾಟಕದವರಿಗೆ ಅದು ಹಳೆಯ ನಂಟು. ಜೋಳದ ರೊಟ್ಟಿ, ಮೊಸರಿನ ಜೊತೆಗೆ ತಟ್ಟೆಗೆ ಬೀಳುವ ಅಗಸಿ ಹಿಂಡಿ ಅದರದೇ. ಹೂವು, ಸೊಪ್ಪಿಗಾಗಿ ಹಿತ್ತಲಲ್ಲಿ ಬೆಳೆಸುವ ಅಗಸೆ ಮರ ಬೇರೆ. ಇದು ಹಿಂಗಾರಿನಲ್ಲಿ ಎರೆಭೂಮಿಯ ತೇವವನ್ನೇ ನೆಚ್ಚಿ ನೀಲಿ ಹೂ ಬಿಡುವ ಪುಟ್ಟ ಗಿಡ.

ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಮೊದಲಿಗೆ ಪಳಗಿಸಿದ ಬೆಳೆಗಳಲ್ಲಿ ಅಗಸೆಯೂ ಒಂದು. ಪ್ರಾಚೀನ ಈಜಿಪ್ಟಿನ ಮಮ್ಮಿಗಳಿಗೆ ಸುತ್ತಿದ್ದು ಇದರ ನಾರಿನ ಬಟ್ಟೆ. ಸಂಸ್ಕೃತದಲ್ಲಿ ಇದು ಅತಸೀ, ಉಮಾ, ಕ್ಷುಮಾ. ಕ್ಷುಮೆಯ ನಾರಿನ ಬಟ್ಟೆಯೇ ‘ಕ್ಷೌಮ’. ನಾರಿನ ತಳಿ ಎತ್ತರವಾಗಿ, ಕವಲಿಲ್ಲದೆ ತಂಪು ನಾಡಿನಲ್ಲಿ ಬೆಳೆಯುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವುದು ಗಿಡ್ಡನೆಯ, ಕವಲೊಡೆಯುವ ಎಣ್ಣೆಬೀಜದ ತಳಿ.

ಆ ಎಣ್ಣೆಗೆ ಗಾಳಿ ತಗುಲಿದರೆ ಒಣಗಿ ಗಟ್ಟಿಯಾದ ಪೊರೆಗಟ್ಟುವ ಗುಣವಿದೆ. ಆದ್ದರಿಂದಲೇ ಯುರೋಪಿನ ಬಣ್ಣ, ವಾರ್ನಿಷ್ ತಯಾರಕರಿಗೆ ಅದು ಬೇಕಾಯಿತು. 1853–56ರ ಕ್ರಿಮಿಯಾ ಯುದ್ಧದಿಂದ ರಷ್ಯದ ಬೀಜಕ್ಕೆ ಅಡ್ಡಿಯಾದಾಗ ಬ್ರಿಟಿಷ್ ವರ್ತಕರ ಕಣ್ಣು ಭಾರತದ ಕಡೆ ತಿರುಗಿತು. ಮುಂಬಯಿ, ಕಲ್ಕತ್ತ ಬಂದರುಗಳಿಂದ ಅಗಸೆ ಹಡಗೇರಿತು. 1863ರಲ್ಲಿ ಫ್ರೆಡರಿಕ್ ವಾಲ್ಟನ್ ಹಕ್ಕುಸ್ವಾಮ್ಯ ಪಡೆದ ನೆಲಹಾಸು ಲಿನೋಲಿಯಂ ಕೂಡ ಈ ಎಣ್ಣೆಯದೇ.

ಬಣ್ಣಕ್ಕೆ ವರವಾದ ಗುಣವೇ ಅಡುಗೆಮನೆಗೆ ತೊಡಕು. ಪುಡಿ ಮಾಡಿದ ಅಗಸೆಗೆ ಗಾಳಿ ತಗುಲಿ ಬೇಗ ಕಮಟು ಹಿಡಿಯುತ್ತದೆ. ಆದ್ದರಿಂದ ಚಟಪಟ ಎನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪಿನೊಡನೆ ಬೇಕಾದಷ್ಟನ್ನೇ ಕುಟ್ಟಿಟ್ಟುಕೊಳ್ಳುವುದು ಲೇಸು. ಹುರಿದರೆ ಬೀಜ ಗರಿಗರಿಯಾಗಿ ಸುಲಭವಾಗಿ ಪುಡಿಯಾಗುತ್ತದೆ. ಹಸಿ ವಾಸನೆಯೂ ಹೋಗುತ್ತದೆ.

ನೀರಿನಲ್ಲಿ ನೆನೆಸಿದರೆ ಕಥೆ ಬೇರೆ. ಬೀಜದ ಹೊರಪದರ ನೀರು ಹೀರಿ ಉಬ್ಬಿ ಲೋಳೆಯಾಗುತ್ತದೆ. ಒಂದು ಚಮಚ ಪುಡಿಗೆ ಮೂರು ಚಮಚ ನೀರು ಬೆರೆಸಿಟ್ಟರೆ, ಮೊಟ್ಟೆ ಬಳಸದವರ ಕೇಕಿನ ಹಿಟ್ಟಿಗೆ ಅದೇ ಅಂಟು. ಆದರೆ ನೆನೆದ ಮಾತ್ರಕ್ಕೆ ಸಿಪ್ಪೆ ಒಡೆಯುವುದಿಲ್ಲ. ಇಡಿಯಾಗಿ ನುಂಗಿದ ಬೀಜ ಬಹುಪಾಲು ಹಾಗೆಯೇ ಹೊರಬೀಳುತ್ತದೆ. ಒಳಗಿನ ಎಣ್ಣೆಯ ಸತ್ವ ದಕ್ಕಬೇಕಾದರೆ ಕುಟ್ಟಬೇಕು, ಇಲ್ಲವೇ ಅಗಿಯಬೇಕು.

ದೇಶದಲ್ಲಿ ಅಗಸೆ ಬಿತ್ತುವ ನೆಲ ಕಳೆದ ಕೆಲವು ದಶಕಗಳಲ್ಲಿ ಬಹಳ ಕುಗ್ಗಿದೆ. ಪೊಟ್ಟಣದ ಬೀಜಕ್ಕೆ ಗಿರಾಕಿ ಹೆಚ್ಚಿದ್ದಾರೆ ನಿಜ. ಅದನ್ನು ಹುರಿದು, ಕುಟ್ಟಿ, ಬೇಗ ತಿಂದು ಮುಗಿಸುವ ತಿಳಿವಳಿಕೆ ಮಾತ್ರ ಪೊಟ್ಟಣದೊಳಗಿಲ್ಲ. ಅದು ಇನ್ನೂ ಹಿಂಡಿ ಕುಟ್ಟುವ ಮನೆಗಳಲ್ಲಿದೆ.