ದೋಷವೇ ನಾದವಾದ ಕಥೆ

ಉತ್ತಮ ವರ್ಧಕ, ಅಂದರೆ ಆಂಪ್ಲಿಫೈಯರ್ ಎಂದರೆ ಯಾವುದು? ತನ್ನೊಳಗೆ ಬಂದ ಸಂಕೇತದ ಗಾತ್ರವನ್ನು ಹಿಗ್ಗಿಸಬೇಕು, ಆಕಾರವನ್ನು ಮಾತ್ರ ಕೆಡಿಸಕೂಡದು. ನಾನು ಪಿ.ಯು.ಸಿ. ಓದುತ್ತಿದ್ದಾಗ ನಮ್ಮ ಭೌತಶಾಸ್ತ್ರದ ಉಪನ್ಯಾಸಕರು ಟ್ರಯೋಡ್ ವಾಲ್ವಿನ ರೇಖಾಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಹೇಳಿಕೊಟ್ಟ ಸೂತ್ರವಿದು. ಮುಂದೆ ನಾನೂ ಅಧ್ಯಾಪಕನಾದೆ. ಪಠ್ಯದಲ್ಲಿ ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂದರೂ ಸೂತ್ರ ಬದಲಾಗಲಿಲ್ಲ. ಅಲೆಯ ನೆತ್ತಿ ಚಪ್ಪಟೆಯಾದರೆ ಅದು ವಿರೂಪ, ವಿರೂಪವೆಂದರೆ ದೋಷ. ಈ ಮಾತನ್ನು ನಾನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಕಳೆದ ದಸರೆಯ ರಜೆಯಲ್ಲಿ ಆ ಮಕ್ಕಳಲ್ಲೊಬ್ಬ ಮನೆಗೆ ಬಂದ. ಈಗ ನಲವತ್ತು ದಾಟಿದವನು; ಬೆಂಗಳೂರಿನಲ್ಲಿ ಉದ್ಯೋಗ. ಕಾರಿನ ಡಿಕ್ಕಿಯಿಂದ ಭಾರವಾದೊಂದು ಮರದ ಪೆಟ್ಟಿಗೆಯನ್ನು ಇಳಿಸಿ ನಡುಮನೆಯಲ್ಲಿಟ್ಟು, ಗಿಟಾರನ್ನು ಅದಕ್ಕೆ ಜೋಡಿಸಿದ. ಹಿಂಬದಿಯಲ್ಲಿ ಗಾಜಿನ ವಾಲ್ವುಗಳು ನಮ್ಮ ಹಳೆಯ ರೇಡಿಯೊದಲ್ಲಿ ಬೆಳಗುತ್ತಿದ್ದಂತೆಯೇ ಕೆಂಪಗೆ ಬೆಳಗಿದವು. ಆಮೇಲೆ ಅವನು ಒಂದು ತಂತಿಯನ್ನು ಮೀಟಿದ. ನನ್ನ ಪತ್ನಿ ಅಡುಗೆಮನೆಯಿಂದ ಓಡಿಬಂದಳೆಂದರೆ ಸದ್ದನ್ನು ನೀವೇ ಊಹಿಸಿಕೊಳ್ಳಿ. "ಸಾರ್, ನೀವು ದೋಷ ಅಂತ ಹೇಳಿಕೊಟ್ಟದ್ದನ್ನೇ ಎರಡು ವರ್ಷ ಕೂತು ಕಟ್ಟಿದ್ದೀನಿ" ಎಂದು ನಕ್ಕ. ಅವನು ಹೋದ ಮೇಲೆ ಕೆಲವು ತಿಂಗಳು ಈ ವಿಷಯವನ್ನೇ ಓದಿದೆ. ಈ ಲೇಖನ ಆ ಓದಿನ ಫಲ.

ಕಥೆ ಆರಂಭವಾಗುವುದು ಅಮೆರಿಕದಲ್ಲಿ, ಅದೂ ಅಪಘಾತದಿಂದ. 1951ರಲ್ಲಿ ಐಕ್ ಟರ್ನರ್ ಅವರ ತಂಡ ಧ್ವನಿಮುದ್ರಣಕ್ಕೆಂದು ಮೆಂಫಿಸ್ ನಗರಕ್ಕೆ ಬಂದಾಗ ಗಿಟಾರ್ ವಾದಕ ವಿಲಿ ಕಿಜಾರ್ಟ್ ಅವರ ಆಂಪ್ಲಿಫೈಯರ್ ದಾರಿಯಲ್ಲಿ ಪೆಟ್ಟುತಿಂದಿತ್ತು. ಸ್ಯಾಮ್ ಫಿಲಿಪ್ಸ್ ಅದರ ಸ್ಪೀಕರಿಗೆ ಕಾಗದ ತುರುಕಿ ಹಾಗೆಯೇ ಮುದ್ರಿಸಿಕೊಂಡರು. ಒಡಕು ದನಿಯ ಆ ಗೀತೆ, 'ರಾಕೆಟ್ 88', ಜನಪ್ರಿಯವಾಯಿತು. 1964ರಲ್ಲಿ ಇಂಗ್ಲೆಂಡಿನ ಡೇವ್ ಡೇವಿಸ್ ಎಂಬ ಹದಿಹರೆಯದ ಹುಡುಗ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಬೇಕೆಂದೇ ಸೀಳಿದ. ತಾಂತ್ರಿಕರು ಯಾವುದನ್ನು ಸರಿಪಡಿಸಲು ಹೆಣಗುತ್ತಿದ್ದರೋ ವಾದಕರು ಅದನ್ನೇ ಬೇಡತೊಡಗಿದ್ದರು.

ಇದರಲ್ಲಿ ನಮಗೆ ಅಪರಿಚಿತವಾದುದೇನೂ ಇಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆಯೊಂದನ್ನು ಸಿಕ್ಕಿಸಿ ಝೇಂಕಾರ ಹುಟ್ಟಿಸುವವರು ನಾವು. ನೂಲು ತೆಗೆದರೆ ತಂತಿಯ ದನಿ ಶುದ್ಧವೇ. ಆದರೆ ತಂಬೂರಿ ಸತ್ತಂತೆ.

ಲಂಡನ್ನಿನ ಹ್ಯಾನ್‌ವೆಲ್ ಬಡಾವಣೆಯಲ್ಲಿ ಡ್ರಮ್ ವಾದಕ ಜಿಮ್ ಮಾರ್ಷಲ್ 1960ರಲ್ಲಿ ವಾದ್ಯಗಳ ಅಂಗಡಿ ತೆರೆದರು. ಅಲ್ಲಿಗೆ ಬರುತ್ತಿದ್ದ ಹುಡುಗರಿಗೆ ಅಮೆರಿಕದ ಫೆಂಡರ್ ಆಂಪ್ಲಿಫೈಯರ್ ಬೇಕು, ಆದರೆ ಆಮದು ಮಾಲಿನ ಬೆಲೆ ಕೈಗೆಟುಕದು. ಮಾರ್ಷಲ್ ಅವರ ರಿಪೇರಿಗಾರ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ತರುಣ ಸೇರಿ ಫೆಂಡರ್ ಬಾಸ್‌ಮನ್ ಎಂಬ ಮಾದರಿಯನ್ನು ಅನುಸರಿಸಿ ಒಂದನ್ನು ಕಟ್ಟಿದರು. ಅದೇ ಜೆಟಿಎಂ45. ಅನುಕರಣೆಯಾದರೂ ಒಂದು ವ್ಯತ್ಯಾಸವಿತ್ತು. ಮೂಲದ ಮೊದಲ ವಾಲ್ವಿನ ವರ್ಧನಾಂಕ ಸುಮಾರು 44. ಇವರು ಆ ಜಾಗದಲ್ಲಿ ಇಟ್ಟ ಇಸಿಸಿ83ರದು 100. ಅಮೆರಿಕದಲ್ಲಿ ಇದಕ್ಕೇ 12ಎಎಕ್ಸ್7 ಎನ್ನುತ್ತಾರೆ. ನಮ್ಮ ಕಥೆಯ ನಾಯಕ ಹೆಬ್ಬೆರಳಿನ ಗಾತ್ರದ ಈ ವಾಲ್ವೇ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಅಧ್ಯಾಪಕನ ಚಟ, ಓದುಗರು ಕ್ಷಮಿಸಬೇಕು. ಗಿಟಾರಿನ ತಂತಿಯ ಕಂಪನದಿಂದ ಹುಟ್ಟುವ ವಿದ್ಯುತ್ ಸಂಕೇತ ಸುಮಾರು 100 ಮಿಲಿವೋಲ್ಟ್ ಎನ್ನಿ. ವರ್ಧನಾಂಕ 100 ಇದ್ದರೂ ಮಂಡಲದೊಳಗೆ ಈ ವಾಲ್ವು ಒಂದು ಹಂತದಲ್ಲಿ ಸುಮಾರು 50 ಪಟ್ಟು ಹಿಗ್ಗಿಸುತ್ತದೆ. ಮೊದಲ ಹಂತ ದಾಟಿದಾಗ 5 ವೋಲ್ಟ್, ಎರಡನೆಯದರಲ್ಲಿ 250 ವೋಲ್ಟ್, ಮೂರನೆಯದರಲ್ಲಿ 12,500 ವೋಲ್ಟ್! ಆದರೆ ಆ ಹಂತಗಳಿಗೆ ಒದಗುವ ವಿದ್ಯುತ್ ಒತ್ತಡವೇ 300-400 ವೋಲ್ಟ್. ಮೂರಡಿಯ ಗುಡಿಸಲಿನಲ್ಲಿ ತಾಳೆಮರ ನಿಲ್ಲಿಸಲು ಹೊರಟಂತಾಯಿತು. ಅಲೆಯ ನೆತ್ತಿ ಕತ್ತರಿಸಿಹೋಗಲೇಬೇಕು. ವಾಲ್ವಿನ ಗುಣವೆಂದರೆ ಈ ಕತ್ತರಿಯ ಅಂಚು ಒಮ್ಮೆಗೇ ಬೀಳುವುದಿಲ್ಲ. ಅಲೆ ಮಿತಿಯ ಸಮೀಪಕ್ಕೆ ಬಂದಂತೆ ಮೆಲ್ಲಮೆಲ್ಲನೆ ಬಾಗುತ್ತದೆ. ಮೇಲಿನ ಅರ್ಧ ಒಂದು ರೀತಿ, ಕೆಳಗಿನ ಅರ್ಧ ಇನ್ನೊಂದು ರೀತಿ ಬಾಗುವುದರಿಂದ ಮೂಲಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನಾಂಕದ ಉಪಸ್ವರಗಳು ಹೊಸದಾಗಿ ಹುಟ್ಟುತ್ತವೆ. ನೆತ್ತಿ ಸಮತಟ್ಟಾದುದರಿಂದ ತಂತಿ ಸೋಲುತ್ತಿದ್ದರೂ ದನಿಯ ಪ್ರಮಾಣ ಬಹಳ ಹೊತ್ತು ಇಳಿಯುವುದಿಲ್ಲ. ಮೀಟಿದ ಕ್ಷಣದಿಂದಲೇ ಸಾಯತೊಡಗುವ ಗಿಟಾರಿನ ಸ್ವರ ಪಿಟೀಲಿನಂತೆ ನೀಳವಾಗಿ ನಿಲ್ಲುವುದು ಹೀಗೆ. ವಾದಕರು ಬೆನ್ನುಹತ್ತಿದ್ದು ಇದನ್ನೇ.

ಮಾರ್ಷಲ್ ಆಂಪ್ಲಿಫೈಯರುಗಳಲ್ಲಿ ಈ ದನಿ ಬರಬೇಕಾದರೆ ಗುಂಡಿಯನ್ನು ಪೂರ್ತಿ ತಿರುಗಿಸಬೇಕಿತ್ತು. ಕಿವಿ ಕಿವುಡಾಗುವಷ್ಟು ಸದ್ದು. ಸಣ್ಣ ಸದ್ದಿನಲ್ಲೂ ಆ ಗುಣ ಬರಿಸಿದವರು ಕ್ಯಾಲಿಫೋರ್ನಿಯದ ರಿಪೇರಿಗಾರ ರಾಂಡಾಲ್ ಸ್ಮಿತ್. ಸುಮಾರು 1969ರಲ್ಲಿ, ಗಿಟಾರ್ ವಾದಕ ಬ್ಯಾರಿ ಮೆಲ್ಟನ್ ರಿಪೇರಿಗೆ ಕೊಟ್ಟಿದ್ದ ಹನ್ನೆರಡು ವಾಟ್ ಆಸುಪಾಸಿನ ಪುಟ್ಟ ಫೆಂಡರ್ ಪ್ರಿನ್ಸ್‌ಟನ್ ಪೆಟ್ಟಿಗೆಯೊಳಗೆ ಬರಿಯ ಕುಚೋದ್ಯಕ್ಕೆಂದು ಬಾಸ್‌ಮನ್‌ನ ದೊಡ್ಡ ಮಂಡಲವನ್ನೂ ದೊಡ್ಡ ಸ್ಪೀಕರನ್ನೂ ತೂರಿಸಿದರು. ಅದನ್ನು ಪರೀಕ್ಷಿಸಲು ಅಂಗಡಿಯಲ್ಲಿ ನುಡಿಸಿದವರು ಕಾರ್ಲೋಸ್ ಸಂತಾನಾ. ಹೊರಗೆ ಕಾಲುದಾರಿಯಲ್ಲಿ ಜನ ಗುಂಪುಗೂಡಿದರಂತೆ. ಸಂತಾನಾ ಹೊಗಳುತ್ತ ಬಳಸಿದ 'ಬೂಗಿ' ಎಂಬ ಪದವೇ ಮುಂದೆ ಹೆಸರಾಯಿತು. ಒಂದು ರೀತಿಯಲ್ಲಿ ಈ ಬಗೆಯ ಆಂಪ್ಲಿಫೈಯರಿನ ಮೊದಲ ಸಾರ್ವಜನಿಕ ಪ್ರಾತ್ಯಕ್ಷಿಕೆ ಅದೇ ಎನ್ನಬಹುದು. ಕೆಲಕಾಲದ ನಂತರ ಲೀ ಮೈಕೆಲ್ಸ್ ಎಂಬ ವಾದಕರಿಗಾಗಿ ಸ್ಮಿತ್ ಒಂದು ಮುಂಭಾಗದ ವರ್ಧಕವನ್ನು ಕಟ್ಟುವಾಗ ವಾಲ್ವಿನ ಹೆಚ್ಚುವರಿ ಹಂತವೊಂದನ್ನು ಸೇರಿಸಿ, ಹಂತಗಳ ನಡುವೆ ಪ್ರತ್ಯೇಕ ನಿಯಂತ್ರಣ ಗುಂಡಿಗಳನ್ನು ಇಟ್ಟರು. ಮೊದಲ ಗುಂಡಿ ಹೆಚ್ಚಿಸಿ ಕೊನೆಯದನ್ನು ತಗ್ಗಿಸಿದರೆ ಕೋಣೆಯೊಳಗಿನ ಸದ್ದಿನಲ್ಲೇ ಆ ನೀಳವಾದ ದನಿ! ಇಂದು ಹೈ ಗೇನ್ ಎಂದು ಕರೆಯುವುದೆಲ್ಲ ಈ ಸೋಪಾನ ಪದ್ಧತಿಯ ಸಂತಾನವೇ. 1987ರಲ್ಲಿ ಮೈಕ್ ಸೊಲ್ಡಾನೊ ಹೊರತಂದ ನೂರು ವಾಟ್‌ನ ಎಸ್‌ಎಲ್‌ಒ-100 ಇದನ್ನು ಪರಾಕಾಷ್ಠೆಗೆ ಒಯ್ದಿತು. ಆ ಕಾಲದ ಉಳಿದವರನ್ನು ಇಲ್ಲಿ ಬಿಡುತ್ತೇನೆ.

ಕಾಗದದ ಮೇಲೆ ಹಂತ ಸೇರಿಸುವುದು ಸುಲಭ, ಕಟ್ಟುವುದು ಕಷ್ಟ. ಸಂಕೇತದ ಜೊತೆಗೆ ತಂತಿಯೊಳಗೆ ನುಸುಳಿದ ಮಿಲಿವೋಲ್ಟಿನ ಸಾವಿರದಲ್ಲೊಂದು ಪಾಲು ಗುಂಯ್‌ಗುಡುವಿಕೆಯೂ ಸಾವಿರಾರು ಪಟ್ಟು ಹಿಗ್ಗುತ್ತದೆ. ಕೊನೆಯ ಹಂತದ ತಂತಿ ಮೊದಲ ಹಂತದ ಬಳಿ ಹಾದುಹೋದರೆ ಯಾರೂ ನುಡಿಸದೆಯೇ ಪೆಟ್ಟಿಗೆ ಕಿರುಚತೊಡಗುತ್ತದೆ. ನನ್ನ ವಿದ್ಯಾರ್ಥಿ ಎರಡು ವರ್ಷ ತೆಗೆದುಕೊಂಡದ್ದು ಇದಕ್ಕೇ. ಚಾಲೂ ಇರುವಾಗ ಒಳಗಿನ ತಂತಿಗಳನ್ನು ಒಣ ಮರದ ಕಡ್ಡಿಯಿಂದ ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ಎಲ್ಲಿ ಸದ್ದಡಗುತ್ತದೆಂದು ಕಿವಿಗೊಡಬೇಕಂತೆ. ಬೆರಳು ತಗುಲಿದರೆ 400 ವೋಲ್ಟ್. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ನಾನು ಅವನನ್ನು ಗದರಿದೆ. "ಒಂದು ಕೈ ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡ್ತೀನಿ ಸಾರ್" ಎಂದ.

ಇನ್ನು ನನ್ನ ಮನಸ್ಸನ್ನು ಹೆಚ್ಚು ಕಾಡಿದ ಇಬ್ಬರ ವಿಷಯ. ದೊಡ್ಡ ಕಾರ್ಖಾನೆಗಳ ಹಂಗಿಲ್ಲದೆ ಒಬ್ಬೊಬ್ಬ ವಾದಕನಿಗಾಗಿ ಒಂದೊಂದನ್ನೇ ಕೈಯಾರೆ ಕಟ್ಟುವ ಪರಂಪರೆಗೆ ಅಮೆರಿಕದಲ್ಲಿ ಬೂಟಿಕ್ ಎನ್ನುತ್ತಾರೆ. ಅದರ ಶಿಖರಪುರುಷರು ಕ್ಯಾಲಿಫೋರ್ನಿಯದ ಅಲೆಕ್ಸಾಂಡರ್ ಡಂಬಲ್ ಮತ್ತು ನ್ಯೂಜೆರ್ಸಿಯ ಕೆನ್ ಫಿಶರ್.

ಡಂಬಲ್ ವಾದಕನ ಕೈಯ ಭಾರ, ಬೆರಳಿನ ವೇಗ ಗಮನಿಸಿ, ದರ್ಜಿ ಅಳತೆ ತೆಗೆದಂತೆ ಅವನಿಗೆ ಹೊಂದುವ ಆಂಪ್ಲಿಫೈಯರ್ ಕಟ್ಟುತ್ತಿದ್ದರು. ಅವರ 'ಓವರ್‌ಡ್ರೈವ್ ಸ್ಪೆಷಲ್' ರಾಬೆನ್ ಫೋರ್ಡ್, ಲ್ಯಾರಿ ಕಾರ್ಲ್‌ಟನ್ ಮುಂತಾದವರ ದನಿಯಾಯಿತು. ಹಳೆಯ ಡಂಬಲ್‌ಗಳು ಲಕ್ಷ ಡಾಲರ್ ಮೀರಿ ಮಾರಾಟವಾದದ್ದುಂಟು. ಆದರೆ ಅನೇಕ ಪೆಟ್ಟಿಗೆಗಳಲ್ಲಿ ಮಂಡಲದ ಮುಖ್ಯಭಾಗದ ಮೇಲೆ ಅವರು ಗಟ್ಟಿಯಾಗಿ ಹೆಪ್ಪುಗಟ್ಟುವ ಎಪಾಕ್ಸಿ ಅಂಟನ್ನು ಸುರಿದುಬಿಡುತ್ತಿದ್ದರು. ಒಳಗಿರುವುದು ಯಾರಿಗೂ ಕಾಣಬಾರದು. 2022ರ ಜನವರಿಯಲ್ಲಿ ಅವರು ತೀರಿಕೊಂಡರು.

ಫಿಶರ್ 1960ರ ದಶಕದಲ್ಲಿ ಆಂಪೆಗ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಆ ಸಂಸ್ಥೆಯ ಸ್ಥಾಪಕ ಎವರೆಟ್ ಹಲ್ ವಿರೂಪಗೊಂಡ ದನಿಯನ್ನು ದ್ವೇಷಿಸುತ್ತಿದ್ದರು. ನನ್ನ ಉಪನ್ಯಾಸಕರ ಪಂಗಡದವರು! ಅಲ್ಲಿಂದ ಹೊರಬಂದ ಫಿಶರ್ 1980ರ ದಶಕದಲ್ಲಿ 'ಟ್ರೈನ್‌ರೆಕ್' ಹೆಸರಿನಲ್ಲಿ ಕಟ್ಟಿದ ಆಂಪ್ಲಿಫೈಯರುಗಳಿಗೆ ಕ್ರಮಸಂಖ್ಯೆಯ ಬದಲು ಹೆಣ್ಣುಮಕ್ಕಳ ಹೆಸರಿಡುತ್ತಿದ್ದರು. 'ಎಕ್ಸ್‌ಪ್ರೆಸ್' ಎಂಬ ಮಾದರಿಯಲ್ಲಿ ಮೂರೇ ಹಂತ, ಕೊನೆಯಲ್ಲಿ ತಗ್ಗಿಸುವ ಗುಂಡಿಯೇ ಇಲ್ಲ. ಗಿಟಾರಿನ ಮೇಲಿನ ಗುಂಡಿಯನ್ನು ತುಸು ಇಳಿಸಿದರೆ ತಿಳಿನೀರಿನಂಥ ದನಿ, ಏರಿಸಿದರೆ ಗರ್ಜನೆ. ತಂತಿ ಎಷ್ಟುದ್ದ, ಎಲ್ಲಿ ಬಾಗಬೇಕು ಎಂಬುದರಲ್ಲೇ ಅವರ ಜಾಣ್ಮೆ. ದೀರ್ಘಕಾಲದ ಅನಾರೋಗ್ಯ ಅವರನ್ನು ಹಾಸಿಗೆ ಹಿಡಿಸಿತು, ಕಟ್ಟಲು ಕೈಲಾಗಲಿಲ್ಲ. ಆಗ ಅವರು ತಮಗೆ ತಿಳಿದದ್ದನ್ನು ಬರೆದು ಪ್ರಕಟಿಸಿದರು, ಕಿರಿಯರಿಗೆ ಹೇಳಿಕೊಟ್ಟರು. ಕೋಮೆಟ್ ಎಂಬ ಹೊಸ ಸಂಸ್ಥೆಗೆ ವಿನ್ಯಾಸ ಮಾಡಿಕೊಟ್ಟರು. 2006ರಲ್ಲಿ ನಿಧನರಾದರು.

ಗೌಪ್ಯದ ಪಕ್ಷಕ್ಕೂ ನ್ಯಾಯವಿದೆ. ಒಬ್ಬಂಟಿ ಕುಶಲಕರ್ಮಿಯ ಹತ್ತು ವರ್ಷದ ದುಡಿಮೆಯನ್ನು ಕಾರ್ಖಾನೆಯೊಂದು ಒಂದೇ ವಾರದಲ್ಲಿ ನಕಲು ಮಾಡಬಲ್ಲದು. ಅವನ ಅನ್ನಕ್ಕೆ ಬೇರೆ ಕಾವಲೇನಿದೆ? ಆದರೂ ಅಂಟು ಉಳಿಯಲಿಲ್ಲ. ರಿಪೇರಿಗೆ ಬಂದ ಡಂಬಲ್‌ಗಳ ಅಂಟನ್ನು ಕೆರೆದು ಹವ್ಯಾಸಿಗಳು ನಕ್ಷೆ ತಯಾರಿಸಿದರು. ಮುಚ್ಚಿಟ್ಟದ್ದರಿಂದ ತೊಂದರೆಯಾದ ನಿದರ್ಶನವೂ ಉಂಟು. 1978ರಲ್ಲಿ ತನ್ನ ಮೊದಲ ಧ್ವನಿಮುದ್ರಿಕೆಯಿಂದ ಬೆರಗು ಹುಟ್ಟಿಸಿದ ಎಡ್ಡಿ ವ್ಯಾನ್ ಹೇಲನ್, ತನ್ನ ಮಾರ್ಷಲ್‌ಗೆ ಒದಗಿಸುವ ಒತ್ತಡವನ್ನು ಹೆಚ್ಚಿಸುತ್ತೇನೆಂದು ಹೇಳಿದ್ದ. ನಿಜದಲ್ಲಿ ಆತ ಸುಮಾರು 90 ವೋಲ್ಟಿಗೆ ತಗ್ಗಿಸುತ್ತಿದ್ದ. ಮಾತನ್ನು ನಂಬಿ ಹೆಚ್ಚಿಸಿದವರ ಆಂಪ್ಲಿಫೈಯರುಗಳು ಸುಟ್ಟುಹೋದವು. ನನಗೆ ಇದನ್ನು ಓದಿ ನಗು ಬರಲಿಲ್ಲ. ಕಲಿಯುವವನಿಗೆ ತಪ್ಪು ದಾರಿ ತೋರಿಸುವುದು ಕುಚೋದ್ಯವಲ್ಲ. ನನ್ನ ಒಲವು ಫಿಶರ್ ಕಡೆಗೆಂದು ಬೇರೆ ಹೇಳಬೇಕಿಲ್ಲ.

ಈ ಕುಶಲಕರ್ಮಿಗಳೆಲ್ಲರ ಬದುಕು ನಿಂತಿರುವುದು ಸತ್ತುಹೋದ ಉದ್ಯಮವೊಂದರ ಮೇಲೆ. ಪಶ್ಚಿಮದ ದೊಡ್ಡ ವಾಲ್ವ್ ಕಾರ್ಖಾನೆಗಳು ಬಾಗಿಲು ಹಾಕಿದ ಮೇಲೆ ಉಳಿದದ್ದು ಮುಖ್ಯವಾಗಿ ರಷ್ಯಾದ ಸರಾಟೋವ್, ಸ್ಲೊವಾಕಿಯ ಮತ್ತು ಚೀನಾ. 2022ರ ಮಾರ್ಚ್‌ನಲ್ಲಿ, ಯುಕ್ರೇನ್ ಯುದ್ಧದ ಬೆನ್ನಲ್ಲೇ ರಷ್ಯಾ ರಫ್ತು ನಿಷೇಧಿಸಿದಾಗ ಜಗತ್ತಿನ ಗಿಟಾರ್ ವಾದಕರು ವಾಲ್ವುಗಳಿಗಾಗಿ ಮುಗಿಬಿದ್ದರು. ಪೂರೈಕೆ ಮತ್ತೆ ಆರಂಭವಾದರೂ ಬೆಲೆ ಏರಿತು.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾತ್ರವಿದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮೆಲ್ಲರ ಬಾಯಲ್ಲಿ ಬಿ.ಇ.ಎಲ್., 1960ರ ದಶಕದ ಆರಂಭದಲ್ಲೇ ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಗೆ ತೊಡಗಿತ್ತು. ದೇಶದ ಅಸಂಖ್ಯ ಮನೆಗಳಲ್ಲಿ ವಾರ್ತೆ, ವಿವಿಧಭಾರತಿ ಕೇಳಿಸಿದ್ದು ಅವುಗಳ ಮೂಲಕ. ಅವುಗಳಲ್ಲಿ ಇಸಿಸಿ83 ಕೂಡ ಒಂದು. ಅಂದು ಉಳಿದ ಹಳೆಯ ದಾಸ್ತಾನನ್ನು ಇಂದು ಹೊರದೇಶಗಳ ಗಿಟಾರ್ ಹವ್ಯಾಸಿಗಳೂ ಹುಡುಕಿ ಕೊಳ್ಳುತ್ತಾರೆ.

ನನ್ನ ವಿದ್ಯಾರ್ಥಿ ಅಂಥದೊಂದನ್ನು ಎಸ್.ಪಿ. ರಸ್ತೆಯ ಹಳೆಯ ಅಂಗಡಿಯಲ್ಲಿ, ಮಾಸಿದ ರಟ್ಟಿನ ಡಬ್ಬಿಯ ಸಮೇತ ಪಡೆದಿದ್ದ. ಮೊದಲ ಹಂತದಲ್ಲಿ ಅದನ್ನೇ ಇಟ್ಟಿದ್ದ. ಹೊರಡುವಾಗ ಜೇಬಿನಿಂದ ನಾಲ್ಕಾಗಿ ಮಡಚಿದ ಹಾಳೆಯೊಂದನ್ನು ತೆಗೆದು ಕೊಟ್ಟ. ತಾನೇ ಬರೆದ ಪೂರ್ಣ ನಕ್ಷೆ, ಪ್ರತಿಯೊಂದು ರೆಸಿಸ್ಟರಿನ ಬೆಲೆಯೂ ನಮೂದಾಗಿದೆ. ಎರಡನೆಯ ಹಂತದ ಕ್ಯಾಥೋಡಿನ ಬಳಿ ಅವನು ಓಮ್ ಚಿಹ್ನೆ ಹಾಕುವುದನ್ನು ಮರೆತಿದ್ದ. ಕೆಂಪು ಪೆನ್ನು ಹುಡುಕಿ ತಿದ್ದಿದೆ. ಹಾಳೆ ಈಗ ನನ್ನ ಮೇಜಿನ ಗಾಜಿನಡಿಯಲ್ಲಿದೆ. ನಕ್ಷೆ ಬೇಕೆನ್ನುವ ಓದುಗರು ಕೇಳಬಹುದು, ಅವನು ಅನುಮತಿ ಕೊಟ್ಟಿದ್ದಾನೆ.