ಕಾಲಡಿಯ ಹೊಳೆ

ಶಿವಮೊಗ್ಗದ ಕಡೆಯವರಾದ ನಮ್ಮತ್ತೆಗೆ ಬೆಂಗಳೂರಿನ ಮೇಲೆ ಒಂದೇ ದೂರು: “ಹೊಳೆಯಿಲ್ಲದ ಊರೂ ಒಂದು ಊರೇ?” ಹೊಳೆ ಇಲ್ಲದೇನಲ್ಲ. ಅದರ ಹೆಸರು ವೃಷಭಾವತಿ. ಅದಕ್ಕೆ ನೀರು ಹೋಗುತ್ತಿದ್ದ ಜಾಗದ ಮೇಲೆಯೇ ನಾವೆಲ್ಲ ಮಗುವನ್ನೆತ್ತಿಕೊಂಡು, ಚೀಲ ಹಿಡಿದು ಬಸ್ಸಿಗೆ ಕಾಯುತ್ತೇವೆ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಈ ಹೊಳೆ ಹುಟ್ಟಿತೆಂದು ಐತಿಹ್ಯ, ಹೆಸರೂ ಅದರಿಂದಲೇ. ಇನ್ನೊಂದು ಕವಲು ಮಲ್ಲೇಶ್ವರದ ಕಡೆಯ ದಿಣ್ಣೆಗಳಿಂದ ಇಳಿಯುತ್ತಿತ್ತು. ಕೆಂಪೇಗೌಡರ ಕಾಲದ್ದೆನ್ನುವ ಧರ್ಮಾಂಬುಧಿ ಕೆರೆ ಪೇಟೆಯವರಿಗೆ ನೀರು ಕೊಡುತ್ತಿತ್ತು. ಕೋಡಿ ಬಿದ್ದರೆ ಆ ನೀರು ವೃಷಭಾವತಿಯ ಕಣಿವೆಗೆ.

1890ರ ದಶಕದಲ್ಲಿ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಕೆರೆಯ ನೀರು ಕೊಳವೆಯಲ್ಲಿ ಬಂತು. ಕೊಡ ಹೊರುವ ಹೆಂಗಸರ ಸೊಂಟಕ್ಕೆ ಅದು ದೊಡ್ಡ ಬಿಡುಗಡೆ. ನಲ್ಲಿಯನ್ನು ನಾನು ದೂರುವುದಿಲ್ಲ. ಆದರೆ ಕುಡಿಯದ ನೀರನ್ನು ಕಾಯುವವರು ಯಾರು? ಕೆರೆ ಬತ್ತಿ ಮೈದಾನವಾಯಿತು, ಅಲ್ಲಿ ಸಭೆಗಳು ನಡೆದವು, 1960ರ ದಶಕದಲ್ಲಿ ಬಸ್ ನಿಲ್ದಾಣ ಎದ್ದಿತು. ಅದೇ ನಮ್ಮ ಮೆಜೆಸ್ಟಿಕ್. ಪಕ್ಕದ ಟ್ಯಾಂಕ್ ಬಂಡ್ ರಸ್ತೆ ಎಂದರೆ ಕೆರೆಯ ಏರಿಯೇ!

ಹಳ್ಳಗಳು ಚಪ್ಪಡಿಯ, ಕಾಂಕ್ರೀಟಿನ ಕೆಳಗೆ ಸೇರಿದವು. ಬಚ್ಚಲ ನೀರು, ಪಾಯಿಖಾನೆಯ ನೀರು, ಕಾರ್ಖಾನೆಯ ಬಣ್ಣ ಎಲ್ಲವೂ ಅದಕ್ಕೇ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು, 1974ರಲ್ಲಿ ಕಾವೇರಿ ಬಂದಳು. ಊರಿಗೆ ನೀರು ಹೆಚ್ಚಿದಷ್ಟೂ ಊರಿಂದ ಹೊರಬೀಳುವ ಕೊಳೆಯೂ ಹೆಚ್ಚಿತು.

ಮೈಸೂರು ರಸ್ತೆಯ ಪಕ್ಕ ಹೊಳೆ ಮತ್ತೆ ಬೆಳಕು ಕಾಣುತ್ತದೆ. ಬಸ್ಸಿನಲ್ಲಿ ಕೂತ ನಾವು ಮೂಗಿಗೆ ಸೆರಗು ಹಿಡಿದು “ಕೆಂಗೇರಿ ಮೋರಿ ಬಂತು” ಎನ್ನುತ್ತೇವೆ. ಅದು ಅಲ್ಲಿಗೇ ಮುಗಿಯುವುದಿಲ್ಲ. ಬಿಡದಿಯ ಹತ್ತಿರ ಬೈರಮಂಗಲದ ಕೆರೆ ಸೇರುತ್ತದೆ. ಆ ನೀರಲ್ಲಿ ಬೆಳೆದ ಹುಲ್ಲನ್ನು ಹಸು ಮೇಯುತ್ತದೆ. ಆ ನೀರಲ್ಲಿ ಬೆಳೆದ ತರಕಾರಿ ಪೇಟೆಗೆ ಬರುತ್ತದೆ. ಮುಂದೆ ಹೊಳೆ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಹೆಸರಘಟ್ಟದಲ್ಲಿ ಯಾವ ನದಿಯಿಂದ ತಿಳಿನೀರು ತಂದೆವೋ ಅದೇ ನದಿಗೆ ಕೆಳಗಡೆ ಕೊಳೆ ಸುರಿದಿದ್ದೇವೆ.

ಪಾತ್ರೆ ತೊಳೆದ ನೀರು ಬಚ್ಚಲ ತೂತಿನಲ್ಲಿ ಇಳಿದರೆ ಕೆಲಸ ಮುಗಿಯಿತೆಂದು ನಮಗೆ ಅನಿಸುತ್ತದೆ. ಅದು ಇನ್ನೊಬ್ಬಳ ಹೊಲದಲ್ಲಿ, ಅವಳು ಬರಿಗಾಲಲ್ಲಿ ನಿಂತು ಕಳೆ ಕೀಳುವಲ್ಲಿ ಮತ್ತೆ ತಲೆಯೆತ್ತುತ್ತದೆ. ಮನೆಯ ಮಕ್ಕಳು “ಇದೇನಜ್ಜಿ?” ಎಂದು ಕೇಳಿದರೆ ನಾನು ಮೋರಿ ಎನ್ನುವುದಿಲ್ಲ, ವೃಷಭಾವತಿ ಎಂದೇ ಹೇಳುತ್ತೇನೆ. ಮೋರಿಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಹೊಳೆಯ ಲೆಕ್ಕವನ್ನು ಮುಂದೆ ಒಬ್ಬರಾದರೂ ಕೇಳಿಯಾರು.